ಹುರುಪೆ ಕಳಚಿಕೊಂಡ ಹುಳು

ಮೊದಲನೇ ಹುಳುವನ್ನು ನಾನೇ ಹಾಳು ಮಾಡಿದೆ.

ಲಾನ್ಸರೋತೆ ದ್ವೀಪಕ್ಕೆ ಬಂದು ಅವತ್ತಿಗೆ ಮೂರು ದಿನ. ಡೈವರ್ ಒಬ್ಬರು ನೀರಿನಿಂದ ಮೇಲೆ ಬಂದು, ಸೊಂಟದ ಚೀಲದಿಂದ ಒಂದು ಪುಟ್ಟ ಬಾಟಲಿ ತೆಗೆದು ನನ್ನ ಕೈಗೆ ಕೊಟ್ಟರು. ಟಾರ್ಚ್ ಹಿಡಿದು ನೋಡಿದೆ. ಬರೀ ನೀರು ಕಾಣಿಸಿತು. ಬಾಟಲಿಯನ್ನು ನಿಧಾನಕ್ಕೆ ತಿರುಗಿಸಿದಾಗ ಬೆಳಕಿನಲ್ಲಿ ಒಂದು ಗೆರೆ ಅಲುಗಾಡಿತು. ಉದ್ದ ಒಂದು ಸೆಂಟಿಮೀಟರಿನ ಆಸುಪಾಸು. ಮೈ ಬಹುತೇಕ ಪಾರದರ್ಶಕ. ಎರಡೂ ಪಕ್ಕದಲ್ಲಿ ಸಾಲಾಗಿ ಕಾಲುಗಳು, ಅವುಗಳಿಂದ ಹೊರಟ ಉದ್ದನೆಯ ಎಳೆಗಳು. ಕಣ್ಣಿಲ್ಲ. ಬೆನ್ನ ಮೇಲೆ ಒಂದರ ಪಕ್ಕ ಒಂದು ಜೋಡಿಸಿಟ್ಟ ತೆಳ್ಳನೆಯ ಹುರುಪೆಗಳು. ಗೆಸಿಯೆಲ್ಲಾ ಹಮೆಯೆನ್ಸಿಸ್. ಇದರ ಹೆಸರನ್ನು ನಾನು ಎರಡು ವರ್ಷದಿಂದ ಓದುತ್ತಿದ್ದೆ. ಚಿತ್ರ ನೋಡಿದ್ದೆ. ಜೀವಂತ ಹುಳುವನ್ನು ನೋಡಿದ್ದು ಅದೇ ಮೊದಲು.

ಕೈ ನಡುಗಿತು. ಮೇಲಿನ ಬಿಸಿಗೆ ಸತ್ತುಹೋದರೆ ಅಂತ ಭಯವಾಯಿತು. ಯಾರನ್ನೂ ಕೇಳದೆ, ಡ್ರಾಪರ್‌ನಲ್ಲಿ ಎತ್ತಿ ಸೀದಾ ಆಲ್ಕೋಹಾಲಿಗೆ ಹಾಕಿಬಿಟ್ಟೆ.

ಒಂದೇ ಕ್ಷಣ. ಹುಳು ಸುರುಳಿ ಸುತ್ತಿ ಕುಗ್ಗಿತು. ಹುರುಪೆಗಳೆಲ್ಲ ಕಳಚಿ ಬಾಟಲಿಯ ತಳಕ್ಕೆ ಇಳಿದವು. ಹಲ್ಲಿ ಬಾಲ ಬಿಟ್ಟು ಓಡುತ್ತದಲ್ಲ, ಹಾಗೆ ಈ ಜಾತಿಯ ಹುಳುಗಳು ಗಾಬರಿಯಾದರೆ ಹುರುಪೆ ಉದುರಿಸುತ್ತವೆ. ಅದು ನನಗೆ ಗೊತ್ತಿದ್ದ ವಿಷಯವೇ. ಪರೀಕ್ಷೆಯಲ್ಲಿ ಬರೆದಿದ್ದೆ ಕೂಡ. ಕೈಗೆ ಮಾತ್ರ ಗೊತ್ತಿರಲಿಲ್ಲ.

ನಮ್ಮ ಗುಂಪಿನ ಹಿರಿಯ ಸಂಶೋಧಕಿ ಪಕ್ಕದಲ್ಲೇ ನಿಂತಿದ್ದರು. ಬೈಯಲಿಲ್ಲ. ಬಾಟಲಿ ತೆಗೆದುಕೊಂಡು ದೀಪದ ಕೆಳಗೆ ಹಿಡಿದು ನೋಡಿದರು. ಆಮೇಲೆ ಚೀಟಿಯ ಮೇಲೆ ಪೆನ್ಸಿಲಿನಲ್ಲಿ "ಡಿಎನ್‌ಎಗೆ ಮಾತ್ರ" ಅಂತ ಬರೆದು ಒಳಗೆ ಹಾಕಿದರು. ಅಂದರೆ, ಈ ಹುಳುವಿನ ಆಕಾರ ನೋಡಿ ಇನ್ನು ಏನೂ ಕಲಿಯುವಂತಿಲ್ಲ ಅಂತ ಅರ್ಥ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಾನು ಓದಿದ್ದು ಕಾರವಾರದ ಕೋಡಿಬಾಗದಲ್ಲಿ. ಅಲ್ಲಿ ಕಾಳಿ ನದಿ ಸಮುದ್ರ ಸೇರುವ ಜಾಗದ ಕೆಸರೇ ನನ್ನ ಮೊದಲ ಪಾಠ. ದೋಣಿಯಿಂದ ಕೆಸರು ಎತ್ತುವುದು, ಅರ್ಧ ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ತೊಳೆಯುವುದು, ಉಳಿದಿದ್ದನ್ನು ಫಾರ್ಮಲಿನ್‌ಗೆ ಹಾಕುವುದು, ರೋಸ್ ಬೆಂಗಾಲ್ ಅನ್ನೋ ಬಣ್ಣ ಬೆರೆಸುವುದು. ಮರುದಿನ ನೋಡಿದರೆ ಹುಳುಗಳೆಲ್ಲ ಗುಲಾಬಿ ಬಣ್ಣಕ್ಕೆ ತಿರುಗಿರುತ್ತವೆ. ಚಿಮಟದಲ್ಲಿ ಒಂದೊಂದೇ ಹೆಕ್ಕಿ ಎಣಿಸಬೇಕು. ನೂರಾರು ಸಿಗುತ್ತವೆ. ಒಂದು ತುಂಡಾದರೆ ಇನ್ನೊಂದು ಇದೆ. ಆ ಕೆಲಸದಲ್ಲಿ ನನಗೆ ವೇಗ ಬಂದಿತ್ತು. ಪಾಲಿಕೀಟ್‌ಗಳು, ಅಂದರೆ ಮೈತುಂಬ ಬಿರುಸು ಕೂದಲಿರುವ ಈ ಸಮುದ್ರದ ಹುಳುಗಳು, ನನಗೆ ಇಷ್ಟವಾಗಿದ್ದೇ ಆ ಕೆಸರಿನಿಂದ. ಆ ಇಷ್ಟವೇ ಮುಂದೆ ಯುರೋಪಿಗೆ ಪಿಎಚ್‌ಡಿಗೆ ಕರೆದುಕೊಂಡು ಹೋಯಿತು. ಅಲ್ಲಿಂದ ಮೂರು ವಾರದ ಮಟ್ಟಿಗೆ ಈ ದ್ವೀಪಕ್ಕೆ.

ಆದರೆ ಕಾಳಿಯ ಕೆಸರಿನ ವೇಗ ಇಲ್ಲಿ ನಡೆಯುವುದಿಲ್ಲ. ಅದನ್ನು ಮರೆಯಲು ನನಗೆ ಪೂರ್ತಿ ಎರಡು ವಾರ ಬೇಕಾಯಿತು.

ಜಾಗ ಹೇಗಿದೆ ಅಂತ ಹೇಳಿದರೆ ಯಾಕೆ ಅಂತ ಗೊತ್ತಾಗುತ್ತದೆ. ಲಾನ್ಸರೋತೆ ಆಫ್ರಿಕಾದ ಕರಾವಳಿಯ ಹತ್ತಿರ, ಅಟ್ಲಾಂಟಿಕ್ ಸಾಗರದಲ್ಲಿರುವ ಸ್ಪೇನಿನ ದ್ವೀಪ. ಅದರ ಉತ್ತರ ಭಾಗದಲ್ಲಿ ಕೊರೊನಾ ಅನ್ನುವ ಜ್ವಾಲಾಮುಖಿ ಬೆಟ್ಟ ಇದೆ. ಸುಮಾರು 21 ಸಾವಿರ ವರ್ಷಗಳ ಹಿಂದೆ ಅದು ಉಗುಳಿದ ಲಾವಾ ಸಮುದ್ರದ ಕಡೆಗೆ ಹರಿಯಿತು. ಮೇಲ್ಪದರ ತಣ್ಣಗಾಗಿ ಗಟ್ಟಿಯಾಯಿತು, ಒಳಗಿನ ಲಾವಾ ಹರಿದು ಖಾಲಿಯಾಯಿತು. ಉಳಿದದ್ದು ಏಳು ಕಿಲೋಮೀಟರಿಗಿಂತ ಉದ್ದದ ಒಂದು ಸುರಂಗ. ಅದು ಹಿಮಯುಗದ ಕಾಲ. ಸಮುದ್ರ ಈಗಿನದಕ್ಕಿಂತ ನೂರು ಮೀಟರಿಗೂ ಹೆಚ್ಚು ಕೆಳಗಿತ್ತು. ಹಾಗಾಗಿ ಸುರಂಗದ ಕೊನೆಯ ಭಾಗ ಆಗ ಒಣ ನೆಲದಲ್ಲೇ ಇತ್ತು. ಹಿಮ ಕರಗಿತು, ನೀರು ಏರಿತು, ಆ ಭಾಗ ಮುಳುಗಿತು. ಈಗ ಸುಮಾರು 1.6 ಕಿಲೋಮೀಟರ್ ಸಮುದ್ರದ ತಳದ ಕೆಳಗೆ ನೀರು ತುಂಬಿಕೊಂಡು ಮಲಗಿದೆ. ಅದಕ್ಕೆ ಅಟ್ಲಾಂತಿದಾ ಸುರಂಗ ಅಂತ ಹೆಸರು. ಕೊನೆಯಲ್ಲಿ ಅದರ ಆಳ 64 ಮೀಟರ್. ಅಲ್ಲಿಗೆ ದಾರಿ ಮುಗಿಯುತ್ತದೆ.

ಸಮುದ್ರದ ಕಡೆಗೆ ಅದಕ್ಕೆ ಬಾಗಿಲಿಲ್ಲ. ನೀರು ಬರುವುದು ಕಲ್ಲಿನ ಬಿರುಕುಗಳಿಂದ, ಸಣ್ಣ ಸಣ್ಣ ರಂಧ್ರಗಳಿಂದ ಜಿನುಗಿ. ಹೊರಗೆ ಭರತ ಬಂದರೆ ಒಳಗೂ ನೀರು ಏರುತ್ತದೆ, ಇಳಿತ ಬಂದರೆ ಇಳಿಯುತ್ತದೆ. ಇಂಥ ಗುಹೆಗಳಲ್ಲಿ ಬೇರೆ ಕಡೆ ಮೇಲೊಂದು ಸಿಹಿನೀರಿನ ಪದರ ಇರುತ್ತದೆ. ಲಾನ್ಸರೋತೆಯಲ್ಲಿ ಮಳೆಯೇ ಅಪರೂಪ, ಹಾಗಾಗಿ ಇಲ್ಲಿ ಪೂರ್ತಿ ಉಪ್ಪುನೀರೇ. ಬೆಳಕು ಮಾತ್ರ ಸ್ವಲ್ಪವೂ ಇಲ್ಲ.

ಸುರಂಗದ ಚಾವಣಿ ಕುಸಿದು ಬಾಯಿ ತೆರೆದ ಜಾಗಕ್ಕೆ ಅಲ್ಲಿಯ ಜನ ಹಮೆಯೋ ಅನ್ನುತ್ತಾರೆ. ಮುಳುಗಿದ ಭಾಗ ಶುರುವಾಗುವಲ್ಲಿರುವುದು ಹಮೆಯೋಸ್ ದೆಲ್ ಆಗ್ವಾ. ಅದೇ ದ್ವೀಪದ ಕಲಾವಿದ ಸೆಸಾರ್ ಮನ್ರಿಕೆ 1960ರ ದಶಕದಲ್ಲಿ ಇದನ್ನು ಜನ ಬಂದು ನೋಡುವ ಜಾಗವಾಗಿ ರೂಪಿಸಿದರು. ಗುಹೆಯೊಳಗೆ ಒಂದು ತಿಳಿನೀರಿನ ಕೊಳ ಇದೆ. ಮೇಲಿನ ಕಿಂಡಿಯಿಂದ ಬಿಸಿಲು ಬೀಳುತ್ತದೆ. ಕಪ್ಪು ಕಲ್ಲಿನ ಮೇಲೆ ಅಕ್ಕಿಕಾಳು ಚೆಲ್ಲಿದ ಹಾಗೆ ಬಿಳಿ ಚುಕ್ಕೆಗಳು. ಬಗ್ಗಿ ನೋಡಿದರೆ ಅವು ನಡೆದಾಡುತ್ತಿರುತ್ತವೆ! ಮುನಿಡಾಪ್ಸಿಸ್ ಪಾಲಿಮಾರ್ಫಾ ಅನ್ನುವ ಕುರುಡು ಏಡಿಯಂಥ ಜೀವಿಗಳು. ಊರವರು ಪ್ರೀತಿಯಿಂದ ಹಮೆಯಿತೋ ಅನ್ನುತ್ತಾರೆ. ವಿಜ್ಞಾನದ ಪುಸ್ತಕಕ್ಕೆ ಅದು ಸೇರಿದ್ದು 1892ರಲ್ಲೇ. ಕೊಳಕ್ಕೆ ನಾಣ್ಯ ಎಸೆಯುವ ಹಾಗಿಲ್ಲ. ಲೋಹ ಕರಗಿದ ನೀರು ಅವುಗಳಿಗೆ ವಿಷ. ಹೊಳೆಗೆ ಕಾಸು ಹಾಕಿ ಕೈಮುಗಿಯುವ ಊರಿನಿಂದ ಬಂದ ನನಗೆ ಆ ಸೂಚನೆ ಓದಿ ಒಂದು ಕ್ಷಣ ಸುಮ್ನೆ ನಿಂತುಬಿಡುವಂತಾಯಿತು.

ಹೆಚ್ಚಿನವರು ಏಡಿ ನೋಡಿ ಹೋಗುತ್ತಾರೆ. ಹುಳುಗಳು ಅವರಿಗೆ ಕಾಣುವುದಿಲ್ಲ. ಕಾಣುವಷ್ಟು ದೊಡ್ಡವೂ ಅಲ್ಲ.

ನಮ್ಮ ದಿನ ಶುರುವಾಗುತ್ತಿದ್ದದ್ದು ಪ್ರವಾಸಿಗರು ಬರುವುದಕ್ಕೆ ತುಂಬಾ ಮೊದಲು. ಈ ಸುರಂಗದಲ್ಲಿ ಮೋಜಿಗೆ ಡೈವ್ ಮಾಡುವಂತಿಲ್ಲ, ಸಂಶೋಧನೆಗೆ ಅನುಮತಿ ಪತ್ರ ಬೇಕು. ನಾನು ಗುಹೆ ಡೈವರ್ ಅಲ್ಲ. ಅದಕ್ಕೆ ವರ್ಷಗಟ್ಟಲೆ ತರಬೇತಿ ಬೇಕು. ನನ್ನ ಕೆಲಸ ದಡದ್ದು. ಸಿಲಿಂಡರ್‌ಗಳನ್ನು ಮೆಟ್ಟಿಲಿಳಿಸಿ ನೀರಿನ ಹತ್ತಿರ ಇಡುವುದು. ಬಾಟಲಿಗಳಿಗೆ ನಂಬರ್ ಹಾಕಿ ಕೊಡುವುದು. ಒಳಹೋದ ಹೊತ್ತು, ಬರಬೇಕಾದ ಹೊತ್ತು ಬರೆದುಕೊಳ್ಳುವುದು. ಆಮೇಲೆ ಕಾಯುವುದು.

ಡೈವರ್‌ಗಳು ಹಾಕಿಕೊಳ್ಳುತ್ತಿದ್ದದ್ದು ರೀಬ್ರೀದರ್. ಬಿಟ್ಟ ಉಸಿರನ್ನೇ ಶುದ್ಧ ಮಾಡಿ ಮತ್ತೆ ಕೊಡುವ ಯಂತ್ರ. ಅದರಿಂದ ಗುಳ್ಳೆ ಹೊರಗೆ ಬರುವುದಿಲ್ಲ. ಗುಳ್ಳೆ ಬಂದರೆ ಚಾವಣಿಗೆ ಬಡಿದು ಧೂಳು ಉದುರುತ್ತದೆ, ನೀರು ಕಲಕುತ್ತದೆ, ಹುಳು ಹುಡುಕಲು ಆಗುವುದೇ ಇಲ್ಲ. ಒಳಗೆ ಅವರು ಏನು ಮಾಡುತ್ತಾರೆ ಅಂತ ಕೇಳಿದ್ದೆ. "ಈಜುವುದೇ ಇಲ್ಲ ಅನ್ನುವಷ್ಟು ನಿಧಾನ ಹೋಗುತ್ತೇವೆ" ಅಂದರು ಒಬ್ಬರು. ತಲೆಯ ದೀಪದ ಬೆಳಕಿನಲ್ಲಿ ಬಿಳಿ ಕಣವೊಂದು ತೇಲುತ್ತದೆ. ಧೂಳಾದರೆ ಸುಮ್ಮನೆ ಕೆಳಗಿಳಿಯುತ್ತದೆ. ಜೀವವಾದರೆ ಕೊಂಚ ತಡೆದು ನಿಲ್ಲುತ್ತದೆ. ಆ ಕೊಂಚದ ವ್ಯತ್ಯಾಸ ನೋಡಿ ಬಾಟಲಿಯ ಬಾಯನ್ನು ಅದರ ಸುತ್ತ ತರಬೇಕು. ಹುಳು ಬಾಟಲಿಗೆ ಬರುವುದಿಲ್ಲ, ಬಾಟಲಿ ಹುಳುವಿನ ಹತ್ತಿರ ಹೋಗಬೇಕು.

ಕೆಲವು ಸಲ ಮೂರು ಗಂಟೆ ಕಾದಿದ್ದೇನೆ. ನೀರು ಕಪ್ಪಗೆ, ಅಲುಗಾಡದೆ ಇರುತ್ತದೆ. ಮೊದಲು ಬಹಳ ಆಳದಲ್ಲಿ ಒಂದು ಹಸಿರು ಬೆಳಕು ಕಾಣುತ್ತದೆ. ಅದು ಮೇಲೆ ಬರಲು ತುಂಬಾ ಹೊತ್ತು ಬೇಕು. ಡೈವರ್‌ಗಳು ಅವಸರ ಮಾಡುವ ಹಾಗಿಲ್ಲ, ದೇಹ ಒತ್ತಡ ಬಿಡಬೇಕು. ಆ ಹೊತ್ತಿನಲ್ಲಿ ದಡದಲ್ಲಿ ಯಾರೂ ಮಾತಾಡುತ್ತಿರಲಿಲ್ಲ.

ಬಾಟಲಿಗಳನ್ನು ಐಸ್ ಡಬ್ಬಿಯಲ್ಲಿ ಇಟ್ಟುಕೊಂಡು ಪುಂತಾ ಮುಹೇರೆಸ್ ಹಳ್ಳಿಯ ನಮ್ಮ ಬಾಡಿಗೆ ಮನೆಗೆ ಬರುತ್ತಿದ್ದೆವು. ಅಡುಗೆಮನೆಯ ಮೇಜೇ ನಮ್ಮ ಪ್ರಯೋಗಶಾಲೆ. ಎರಡು ಸೂಕ್ಷ್ಮದರ್ಶಕ, ಗಾಜಿನ ಬಟ್ಟಲುಗಳು, ಡ್ರಾಪರ್‌ಗಳು. ಕಿಟಕಿಯಾಚೆ ಸಮುದ್ರ.

ಡೈವರ್‌ಗಳು ಮರಳನ್ನೂ ತರುತ್ತಿದ್ದರು. ಸುರಂಗದೊಳಗೆ ನೂರಾರು ಮೀಟರ್ ದೂರದಲ್ಲಿ ಚಾವಣಿಯ ಬಿರುಕಿನಿಂದ ಸಮುದ್ರತಳದ ಮರಳು ಉದುರಿ ಉದುರಿ ಒಂದು ಗುಡ್ಡವೇ ಆಗಿದೆ. ಕಪ್ಪು ಸುರಂಗದ ನಡುವೆ ಬಿಳಿ ಮರಳಿನ ಗುಡ್ಡ. ಆ ಮರಳಿನ ಕಣಗಳ ನಡುವಿನ ಸಂದಿಯಲ್ಲಿ ಬದುಕುವ ಹುಳುಗಳು ತೀರಾ ಸಣ್ಣವು. ಅವನ್ನು ಬಿಡಿಸುವ ವಿಧಾನ ನನಗೆ ಹೊಸದು. ಒಂದು ಲೀಟರ್ ಶುದ್ಧ ನೀರಿಗೆ ಸುಮಾರು 73 ಗ್ರಾಂ ಮೆಗ್ನೀಸಿಯಂ ಕ್ಲೋರೈಡ್ ಹರಳು ಹಾಕಿ ಕರಗಿಸಬೇಕು. ಆಗ ಅದರ ಸಾಂದ್ರತೆ ಸಮುದ್ರದ ನೀರಿಗೆ ಸರಿಹೊಂದುತ್ತದೆ. ಆ ನೀರನ್ನು ಮರಳಿಗೆ ಸುರಿದು ಹತ್ತು ಹದಿನೈದು ನಿಮಿಷ ಬಿಟ್ಟರೆ ಹುಳುಗಳಿಗೆ ಮಂಪರು ಬರುತ್ತದೆ. ಮರಳಿಗೆ ಅಂಟಿಕೊಂಡ ಹಿಡಿತ ಬಿಡುತ್ತವೆ. ಆಮೇಲೆ ಪಾತ್ರೆಯನ್ನು ಮೆಲ್ಲಗೆ ಸುತ್ತಿಸಿ, ಮೇಲಿನ ನೀರನ್ನಷ್ಟೇ 63 ಮೈಕ್ರಾನ್ ಬಲೆಯ ಮೇಲೆ ಬಗ್ಗಿಸಬೇಕು.

ನೋಡಿದ ತಕ್ಷಣ ಅಜ್ಜಿ ನೆನಪಾದಳು. ಅವಳು ಅಕ್ಕಿ ಗಾಳಿಸುತ್ತಿದ್ದದ್ದು ಹೀಗೇ. ಪಾತ್ರೆಯನ್ನು ಅಲುಗಿಸುತ್ತ, ಅಕ್ಕಿ ನೀರಿನ ಜೊತೆ ಈ ಪಾತ್ರೆಯಿಂದ ಆ ಪಾತ್ರೆಗೆ, ಕಲ್ಲು ಮಾತ್ರ ತಳದಲ್ಲಿ. ಕೈಗೆ ಆ ಲಯ ಬೇಕು. ಜೋರಾದರೆ ಕಲ್ಲೂ ಬರುತ್ತದೆ, ಮೆಲ್ಲಗಾದರೆ ಅಕ್ಕಿಯೂ ಉಳಿಯುತ್ತದೆ. ಚಿಕ್ಕವಳಿದ್ದಾಗ ನೋಡಿ ಕಲಿತ ಆ ಕೈಚಳಕ ನನ್ನಲ್ಲಿ ಇನ್ನೂ ಇತ್ತು. ಹಿರಿಯರು ನನ್ನ ಕೈಯನ್ನೇ ನೋಡುತ್ತಿದ್ದವರು, "ಇನ್ನು ಮುಂದೆ ಮರಳೆಲ್ಲ ನಿನಗೇ" ಅಂದರು. ಹುಳು ಹಾಳು ಮಾಡಿದ ಮೇಲೆ ಮೊದಲ ಸಲ ನನಗೆ ಧೈರ್ಯ ಬಂತು.

ಅವತ್ತು ಸಂಜೆ ಅಂಕೋಲೆಗೆ ಫೋನ್ ಮಾಡಿದೆ.

"ಹುಳ ನೋಡುಕೆ ಅಷ್ಟು ದೂರ ಹೋಗ್ಬೇಕಾ ತಂಗೀ?" ಅಂದಳು ಅಮ್ಮ.

"ಇದು ಬೇರೆ ಹುಳ ಅಮ್ಮ. ಕಣ್ಣಿಲ್ಲ ಅದಕ್ಕೆ. ಕತ್ತಲಲ್ಲೇ ಇರ್ತದೆ."

"ಮತ್ತೆ ಊಟಕ್ಕೆ?"

ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಅಮ್ಮ ಯಾರ ಬಗ್ಗೆ ಕೇಳಿದರೂ ಮೊದಲು ಕೇಳುವುದು ಅದನ್ನೇ. ಆದರೆ ಇಡೀ ಸುರಂಗದ ವಿಷಯದಲ್ಲಿ ಮುಖ್ಯವಾದ ಪ್ರಶ್ನೆಯೂ ಅದೇ, ಅಲ್ವಾ? ಬೆಳಕಿಲ್ಲದ ಕಡೆ ಪಾಚಿ ಬೆಳೆಯುವುದಿಲ್ಲ. ಪಾಚಿ ಇಲ್ಲದಿದ್ದರೆ ತಿನ್ನುವುದೇನು?

ಕೊಳದಲ್ಲಿ ಬಿಸಿಲು ಬೀಳುವ ಜಾಗದಲ್ಲಿ ಈ ಕಷ್ಟ ಇಲ್ಲ. ಅಲ್ಲಿ ಕಲ್ಲಿನ ಮೇಲೆ ಡಯಾಟಮ್ ಅನ್ನುವ ಸೂಕ್ಷ್ಮ ಪಾಚಿ ಬೆಳೆಯುತ್ತದೆ. ಅದನ್ನು ತಿಂದು ಬದುಕುವ ಪುಟ್ಟ ಹುಳುವೂ ಇದೆ, ಹೆಸರೇ ಲೆಪ್ಟೊನೆರಿಲ್ಲಾ ಡಯಾಟಮಿಯೋಫಾಗಾ, ಅಂದರೆ ಡಯಾಟಮ್ ತಿನ್ನುವುದು ಅಂತ. ಅಲ್ಲಿಂದ ಒಳಗೆ ಹೋದರೆ ಊಟ ಅಂದರೆ ಕಲ್ಲಿನ ಬಿರುಕಿನಿಂದ ಭರತದ ಜೊತೆ ಸೋಸಿ ಬರುವ ಕಣಗಳಷ್ಟೇ. ಅವು ನೀರಿನಲ್ಲಿ ತೇಲುತ್ತಿರುತ್ತವೆ. ಹಾಗಾಗಿ ಹುಳುವೂ ನೀರಿಗೆ ಬರಬೇಕಾಯಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಸಂಗತಿ. ಪ್ರೊಟೊಡ್ರಿಲಿಡ್ ಅಂತ ಒಂದು ಹುಳುಗಳ ಕುಟುಂಬ ಇದೆ. ದಾರದಂಥ ಮೈ. ಅವುಗಳ ಮನೆ ಮರಳಿನ ಕಣಗಳ ಸಂದಿ. ಆದರೆ ಅದೇ ಕುಟುಂಬದ ಮೆಗಾಡ್ರಿಲಸ್ ಪೆಲಾಜಿಕಸ್ ಈ ಸುರಂಗದಲ್ಲಿ ಮರಳು ಬಿಟ್ಟು ನೀರಿನಲ್ಲಿ ತೇಲುತ್ತದೆ. ತಲೆಯ ಮುಂದೆ ಎರಡು ಉದ್ದನೆಯ ಸ್ಪರ್ಶಕಗಳು, ಅವುಗಳ ಮೇಲೆ ಸೂಕ್ಷ್ಮ ರೋಮಗಳ ಸಾಲು. ರೋಮಗಳು ಬಡಿದಾಗ ನೀರಿನ ಸಣ್ಣ ಹರಿವು ಹುಟ್ಟುತ್ತದೆ, ಕಣಗಳು ಬಾಯಿಯ ಕಡೆಗೆ ಬರುತ್ತವೆ. ಸ್ಪೆಲಿಯೋಬ್ರೆಗ್ಮಾ ಲಾನ್ಸರೋಟಿಯಂ ಅನ್ನುವ ಇನ್ನೊಂದು ಹುಳು ಬೇರೆಯದೇ ಕುಟುಂಬದ್ದು. ಮೆಗಾಡ್ರಿಲಸ್‌ಗೂ ಇದಕ್ಕೂ ಹತ್ತಿರದ ನಂಟಿಲ್ಲ. ಆದರೂ ಅದೂ ಹೀಗೇ ಎರಡು ಉದ್ದನೆಯ ಕೈ ಚಾಚಿ ನೀರಿನಲ್ಲಿ ತೂಗುತ್ತಿರುತ್ತದೆ. ಅಟ್ಲಾಂಟಿಕ್‌ನ ಇನ್ನೊಂದು ಬದಿಗೆ ಬರ್ಮುಡಾದ ಗುಹೆಯಲ್ಲಿರುವ ಲಾಂಗಿಪಾಲ್ಪಾ ಸಾಲ್ಟಾಟ್ರಿಕ್ಸ್ ಮೂರನೇ ಕುಟುಂಬ. ಅದಕ್ಕೂ ಉದ್ದನೆಯ ಸ್ಪರ್ಶಕ. ಒಂದೇ ಕತ್ತಲು, ಒಂದೇ ಹಸಿವು. ಮೂವರೂ ಬೇರೆ ಬೇರೆಯಾಗಿ ಅದೇ ಉಪಾಯ ಕಂಡುಕೊಂಡಿದ್ದಾರೆ.

ಅಮ್ಮನಿಗೆ ಇದನ್ನೆಲ್ಲ ಫೋನಿನಲ್ಲೇ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

ಎರಡನೇ ವಾರದಲ್ಲಿ ಸ್ಪೆಲಿಯೋಬ್ರೆಗ್ಮಾ ಬಂತು. ಈ ಸಲ ನಾನು ಮುಟ್ಟಲಿಲ್ಲ. ಬಾಟಲಿಯ ನೀರನ್ನು ಅದೇ ತಂಪಿನ ಗಾಜಿನ ಬಟ್ಟಲಿಗೆ ಮೆಲ್ಲಗೆ ಇಳಿಸಿದೆವು. ದೀಪದ ಬೆಳಕನ್ನು ತೀರಾ ಕಡಿಮೆ ಮಾಡಿದೆವು. ಮೊದಲು ಏನೂ ಆಗಲಿಲ್ಲ. ಹುಳು ಮುದುಡಿಕೊಂಡಿತ್ತು. "ಇನ್ನು ಹತ್ತು ನಿಮಿಷ ಬಿಡು" ಅಂದರು ಹಿರಿಯರು. ಹತ್ತು ನಿಮಿಷ ಆಯಿತು. "ಇನ್ನೂ ಹತ್ತು." ನಾನು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಆಮೇಲೆ ಅದು ಬಾಲದ ತುದಿಯಿಂದ ಗಾಜಿಗೆ ಅಂಟಿಕೊಂಡಿತು. ಮೈ ಸಡಿಲಾಯಿತು. ಎರಡು ಸ್ಪರ್ಶಕಗಳು ಮೆಲ್ಲಗೆ ಬಿಚ್ಚಿಕೊಂಡವು. ರೋಮಗಳ ಸಾಲು ಬೆಳಕಿನಲ್ಲಿ ಮಿಣಮಿಣ ಅಂತ ಬಡಿಯತೊಡಗಿತು. ನೀರಿನಲ್ಲಿದ್ದ ಒಂದು ಕಣ ತೇಲುತ್ತ ಬಂದು ಸ್ಪರ್ಶಕದ ಮೇಲೆ ಕೂತಿತು, ಅದರ ಗುಂಟ ಜಾರಿ ಬಾಯಿಯ ಹತ್ತಿರ ಹೋಯಿತು.

ಅದು ಊಟ ಮಾಡುತ್ತಿತ್ತು.

ಎಷ್ಟೋ ಪ್ರಬಂಧ ಓದಿದ್ದೇನೆ. ಅಷ್ಟೂ ಓದಿನಲ್ಲಿ ತಿಳಿಯದ ಒಂದು ವಿಷಯ ಆ ಅರ್ಧ ಗಂಟೆಯಲ್ಲಿ ತಿಳಿಯಿತು. ಈ ಹುಳು ಏನನ್ನೂ ಅಟ್ಟಿಕೊಂಡು ಹೋಗುವುದಿಲ್ಲ. ಇದ್ದಲ್ಲೇ ಇದ್ದು, ಕೈ ಚಾಚಿ, ಬಂದಷ್ಟನ್ನು ತೆಗೆದುಕೊಳ್ಳುತ್ತದೆ. ನಾವೂ ಅದರ ಎದುರು ಹಾಗೇ ಕೂರಬೇಕು. ಅವಸರ ಮಾಡಿದರೆ ಕಾಣುವುದು ಹೆದರಿ ಮುದುಡಿದ ಒಂದು ತುಣುಕು ಮಾತ್ರ.

ಇಲ್ಲಿ ಎಲ್ಲ ಜೀವಿಗಳೂ ಇಷ್ಟು ಸಾಧುವಲ್ಲ. ಅದೇ ನೀರಿನಲ್ಲಿ ರೆಮಿಪೀಡ್‌ಗಳಿವೆ. ಶತಪದಿಯ ಹಾಗೆ ಉದ್ದ, ಬಿಳಿ, ಕುರುಡು, ಬೆನ್ನು ಕೆಳಗೆ ಮಾಡಿಕೊಂಡು ಈಜುವ ಜೀವಿಗಳು. ಜಗತ್ತಿಗೆ ರೆಮಿಪೀಡ್ ಅನ್ನೋದು ಗೊತ್ತಾಗಿದ್ದೇ 1981ರಲ್ಲಿ, ಬಹಾಮಾಸ್‌ನ ಗುಹೆಯಿಂದ. ಇವುಗಳ ಬಳಗದಲ್ಲಿ ವಿಷ ಚುಚ್ಚಿ ಬೇಟೆಯಾಡುವವು ಇವೆ ಅಂತ ಆಮೇಲೆ ತಿಳಿಯಿತು. ಲಾನ್ಸರೋತೆಯ ಒಂದು ಜಾತಿಗೆ 2009ರಲ್ಲಿ ಸುರಂಗದ ಹೆಸರನ್ನೇ ಇಟ್ಟರು. ನಾನು ಒಂದನ್ನು ನೋಡಿದೆ. ಸುಂದರ ಜೀವಿ. ಆದರೆ ನನ್ನ ಮನಸ್ಸು ಹುಳುವಿನ ಹತ್ತಿರವೇ ಇತ್ತು.

ಗೆಸಿಯೆಲ್ಲಾ ಮತ್ತೆ ಸಿಗಲಿಲ್ಲ. ದಿನಾ ಕೇಳುತ್ತಿದ್ದೆ, ಡೈವರ್‌ಗಳು ತಲೆಯಾಡಿಸುತ್ತಿದ್ದರು. ಈ ಹುಳುವನ್ನು 1974ರಲ್ಲಿ ಮೊದಲು ವಿವರಿಸಿದವರು ಜರ್ಮನಿಯ ಗೆಸಾ ಹಾರ್ಟ್‌ಮನ್-ಶ್ರೋಡರ್. ಆಮೇಲೆ ಕುಲಕ್ಕೆ ಅವರ ಹೆಸರೇ ಸೇರಿಕೊಂಡಿತು. ಇದರ ಹತ್ತಿರದ ನೆಂಟರು ಹೆಚ್ಚಾಗಿ ಇರುವುದು ಆಳ ಸಮುದ್ರದಲ್ಲಿ. ಅಂಥದ್ದೊಂದು ಬಳಗದ ಹುಳು ದಡದ ಪಕ್ಕದ ಗುಹೆಗೆ ಹೇಗೆ ಬಂತು ಅನ್ನುವುದಕ್ಕೆ ಮೈಯ ಒಂದೊಂದು ಭಾಗವೂ ಸಾಕ್ಷಿ. ಹುರುಪೆಯೂ ಸಾಕ್ಷಿ. ಅದನ್ನೇ ನಾನು ಉದುರಿಸಿದ್ದೆ.

ಹೊರಡಲು ಎರಡು ದಿನ ಉಳಿದಿತ್ತು. ಕೊನೆಯ ಡೈವ್. ಮೇಲೆ ಬಂದವರು ಮುಖವಾಡ ತೆಗೆಯುವ ಮೊದಲೇ ನನ್ನ ಕಡೆ ನೋಡಿ ಒಂದು ಬೆರಳು ಎತ್ತಿದರು.

ಬಾಟಲಿಯನ್ನು ಟಾರ್ಚ್ ಹಿಡಿದು ನೋಡಲಿಲ್ಲ. ಕತ್ತಲಲ್ಲೇ ಐಸ್ ಡಬ್ಬಿಯಲ್ಲಿಟ್ಟು, ಕಾರಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಮನೆಯಲ್ಲಿ ಬಟ್ಟಲಿಗೆ ಇಳಿಸಿ ಸುಮ್ಮನೆ ಬಿಟ್ಟೆವು. ಹುಳು ಈಜತೊಡಗಿತು. ಕಾಲುಗಳು ಒಂದಾದ ಮೇಲೊಂದು ಏಳುತ್ತ ಬೀಳುತ್ತ, ತಲೆಯಿಂದ ಬಾಲದವರೆಗೆ ಅಲೆ ಹೋದ ಹಾಗೆ. ಹುರುಪೆಗಳು ಬೆಳಕಿಗೆ ಒಮ್ಮೆ ಕಂಡು ಒಮ್ಮೆ ಮಾಯವಾಗುತ್ತಿದ್ದವು. ಇಪ್ಪತ್ತು ನಿಮಿಷ ವಿಡಿಯೋ ಮಾಡಿಕೊಂಡೆವು. ಅಷ್ಟು ಹೊತ್ತೂ ನನಗೆ ಸಂಕಟ ಇತ್ತು. ಇದನ್ನು ಮತ್ತೆ ಸುರಂಗಕ್ಕೆ ಬಿಡಲಾಗುವುದಿಲ್ಲ ಅಂತ ಗೊತ್ತಿತ್ತು. ಬೇರೆ ಬಾಟಲಿಗಳು ಖಾಲಿ ಬಂದಿದ್ದೂ ನೆನಪಿತ್ತು. ತೆಗೆದುಕೊಂಡ ಮೇಲೆ ಸರಿಯಾಗಿ ತೆಗೆದುಕೊಳ್ಳಬೇಕು, ನನ್ನಿಂದ ಆಗುವುದು ಅಷ್ಟೇ.

"ನೀನೇ ಮಾಡು" ಅಂದರು ಹಿರಿಯರು.

ಮೆಗ್ನೀಸಿಯಂ ಕ್ಲೋರೈಡ್ ನೀರನ್ನು ಬಟ್ಟಲಿನ ಅಂಚಿನಿಂದ ಒಂದು ಹನಿ ಬಿಟ್ಟೆ. ಕಾದೆ. ಇನ್ನೊಂದು ಹನಿ. ಕಾದೆ. ಹುಳುವಿನ ಈಜು ನಿಧಾನವಾಯಿತು. ಇನ್ನೊಂದು. ಮುಕ್ಕಾಲು ಗಂಟೆ ಹಿಡಿಯಿತು. ಕಾಲುಗಳ ಅಲೆ ತೀರಾ ಮೆಲ್ಲಗಾಗಿ, ಕೊನೆಗೆ ನಿಂತಿತು. ಮೈ ನೀಳವಾಗಿ ಚಾಚಿಕೊಂಡಿತ್ತು. ಮುಟ್ಟಿ ನೋಡಿದೆ, ಕುಗ್ಗಲಿಲ್ಲ. ಆಮೇಲೆ ಫಾರ್ಮಲಿನ್, ಅದನ್ನೂ ಹನಿ ಹನಿಯಾಗಿ.

ಟ್ರೇಸಿಂಗ್ ಕಾಗದ ಸಣ್ಣಗೆ ಕತ್ತರಿಸಿ ಪೆನ್ಸಿಲಿನಲ್ಲಿ ಜಾಗ, ಆಳ, ತಾರೀಕು ಬರೆದೆ. ಕೆಳಗೆ ನನ್ನ ಹೆಸರಿನ ಮೊದಲ ಅಕ್ಷರ. ಬಾಟಲಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ತಲೆಯಿಂದ ಬಾಲದವರೆಗೆ ಹುರುಪೆ ಎಣಿಸಿದೆ. ಆಮೇಲೆ ಬಾಲದಿಂದ ತಲೆಯವರೆಗೆ ಇನ್ನೊಮ್ಮೆ ಎಣಿಸಿದೆ. ಬಾಟಲಿಯ ತಳವನ್ನೂ ನೋಡಿದೆ.

ಒಂದೂ ಬಿದ್ದಿರಲಿಲ್ಲ.